ಕವಣೆಯಂತ್ರದ ಲೆಕ್ಕ ಬರೆದಿಟ್ಟ ವಿಟ್ರುವಿಯಸ್

ಒಂದು ವೃತ್ತ, ಒಂದು ಚೌಕ, ಅವುಗಳೊಳಗೆ ಕೈಕಾಲು ಚಾಚಿ ನಿಂತ ಮನುಷ್ಯ. ಲಿಯೊನಾರ್ಡೊ ಡ ವಿಂಚಿ ಸುಮಾರು 1490ರಲ್ಲಿ ಬರೆದ ಈ ಚಿತ್ರವನ್ನು ನಾವೆಲ್ಲರೂ ಎಲ್ಲಾದರೂ ನೋಡಿರುತ್ತೇವೆ. ಇದರ ಹೆಸರು ವಿಟ್ರುವಿಯನ್ ಮನುಷ್ಯ. ಈ ವಿಟ್ರುವಿಯಸ್ ಯಾರು ಎಂದು ತಿಳಿಯಲು ಹೋದಾಗ ನನಗೆ ಆಶ್ಚರ್ಯವಾಯಿತು. ಅವನು ಚಿತ್ರಕಾರನಲ್ಲ. ರೋಮ್ ದೇಶದ ವಾಸ್ತುಶಿಲ್ಪಿ. ಅದಕ್ಕೂ ಮೊದಲು, ಕೋಟೆಗಳಿಗೆ ಮುತ್ತಿಗೆ ಹಾಕುವಾಗ ಕಲ್ಲು ಮತ್ತು ಬಾಣ ಎಸೆಯುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು. ವಾಣಿಜ್ಯ ವಿಭಾಗದ ನನಗೆ ಯುದ್ಧಯಂತ್ರಗಳಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆದರೆ ಅವನ ಕಥೆ ಮುಖ್ಯವಾಗಿ ಅಂಕಿಗಳ ಕಥೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಟ್ರುವಿಯಸ್ ಕ್ರಿ.ಪೂ. 80 ಮತ್ತು 70ರ ನಡುವೆ ಹುಟ್ಟಿರಬೇಕು ಎಂದು ವಿದ್ವಾಂಸರು ಅಂದಾಜು ಮಾಡುತ್ತಾರೆ. ಅವನ ಬಗ್ಗೆ ತಿಳಿದಿರುವ ಬಹುಪಾಲು ವಿಷಯ ಅವನೇ ತನ್ನ ಪುಸ್ತಕದಲ್ಲಿ ಅಲ್ಲಲ್ಲಿ ಹೇಳಿಕೊಂಡದ್ದು. ತನಗೆ ವಿದ್ಯೆ ಕೊಡಿಸಿದ ತಂದೆತಾಯಿಯನ್ನು ಅವನು ತುಂಬಾ ಕೃತಜ್ಞತೆಯಿಂದ ನೆನೆಯುತ್ತಾನೆ. ಅಲ್ಲಿಯೇ ಅಥೆನ್ಸ್ ನಗರದ ಒಂದು ಕಾನೂನನ್ನೂ ಹೇಳುತ್ತಾನೆ. ಮಕ್ಕಳು ಮುಪ್ಪಿನಲ್ಲಿ ತಂದೆತಾಯಿಯನ್ನು ಸಾಕಬೇಕು ಎಂಬುದು ಎಲ್ಲ ಗ್ರೀಕರ ಕಾನೂನು. ಆದರೆ ಅಥೆನ್ಸ್‌ನಲ್ಲಿ, ಮಕ್ಕಳಿಗೆ ಒಂದು ವಿದ್ಯೆ ಕಲಿಸಿದ ತಂದೆತಾಯಿಗೆ ಮಾತ್ರ ಆ ಹಕ್ಕು ಇತ್ತಂತೆ. ಹಣ ಹೋಗಬಹುದು, ಕಲಿತದ್ದು ಹೋಗುವುದಿಲ್ಲ ಎಂಬ ನಂಬಿಕೆ ಅವನದು.

ದೊಡ್ಡವನಾದ ಮೇಲೆ ಅವನು ಜೂಲಿಯಸ್ ಸೀಸರ್‌ನ ಪರಿಚಯಕ್ಕೆ ಬಂದ. ಸೀಸರ್ ಕ್ರಿ.ಪೂ. 44ರಲ್ಲಿ ಕೊಲೆಯಾದ ನಂತರ ಅಧಿಕಾರ ಅವನ ದತ್ತುಪುತ್ರ ಆಗಸ್ಟಸ್‌ನ ಕೈಗೆ ಬಂತು. ಆಗ ವಿಟ್ರುವಿಯಸ್‌ಗೆ ಇನ್ನೂ ಮೂವರ ಜೊತೆ ಯಂತ್ರಗಳ ಸರಬರಾಜು ಮತ್ತು ದುರಸ್ತಿಯ ಹೊಣೆ ಸಿಕ್ಕಿತು. ಕಲ್ಲು ಎಸೆಯುವ ಯಂತ್ರಕ್ಕೆ ಬ್ಯಾಲಿಸ್ಟಾ ಎಂದು ಹೆಸರು. ಬಾಣ ಬಿಡುವ ಚಿಕ್ಕ ಯಂತ್ರಕ್ಕೆ ಸ್ಕಾರ್ಪಿಯೊ, ಅಂದರೆ ಚೇಳು.

ಈ ಯಂತ್ರ ಕೆಲಸ ಮಾಡುವ ರೀತಿ ಹೀಗೆ. ಮರದ ಚೌಕಟ್ಟಿನ ಎರಡು ಬದಿಯಲ್ಲಿ, ಪ್ರಾಣಿಗಳ ಸ್ನಾಯುವಿನಿಂದ ಅಥವಾ ಕೂದಲಿನಿಂದ ಮಾಡಿದ ಹಗ್ಗವನ್ನು ರಂಧ್ರಗಳ ಮೂಲಕ ಮತ್ತೆ ಮತ್ತೆ ಹಾಯಿಸಿ ದಪ್ಪ ಕಟ್ಟು ಮಾಡಿ ತಿರುಚುತ್ತಾರೆ. ಪ್ರತಿ ಕಟ್ಟಿನ ನಡುವೆ ಒಂದು ಮರದ ತೋಳು. ಎರಡು ತೋಳುಗಳ ತುದಿಗೆ ಬಿಲ್ಲಿನ ಹೆದೆಯಂತೆ ಒಂದು ಹಗ್ಗ. ಅದನ್ನು ರಾಟೆಯಿಂದ ಹಿಂದಕ್ಕೆ ಎಳೆದರೆ ಹಗ್ಗದ ಕಟ್ಟುಗಳು ಇನ್ನಷ್ಟು ತಿರುಚಿಕೊಳ್ಳುತ್ತವೆ. ಬಿಟ್ಟ ಕೂಡಲೇ ಬಾಣ ಅಥವಾ ಕಲ್ಲು ಹಾರುತ್ತದೆ. ಎರಡೂ ಕಟ್ಟುಗಳ ಬಿಗಿ ಸಮನಾಗಿ ಇಲ್ಲದಿದ್ದರೆ ಗುರಿ ತಪ್ಪುತ್ತದೆ. ಸಮ ಇದೆಯೇ ಎಂದು ತಿಳಿಯಲು ಹಗ್ಗವನ್ನು ಮೀಟಿ ಕೇಳಬೇಕು, ಎರಡರಿಂದಲೂ ಒಂದೇ ಸ್ವರ ಬರಬೇಕು. ಆದ್ದರಿಂದಲೇ ಯಂತ್ರ ಮಾಡುವವನಿಗೆ ಸಂಗೀತವೂ ಗೊತ್ತಿರಬೇಕು ಎಂದು ವಿಟ್ರುವಿಯಸ್ ಬರೆದಿದ್ದಾನೆ. ಇದನ್ನು ಓದಿ ನನಗೆ ತುಂಬಾ ಸಂತೋಷವಾಯಿತು.

ಅವನ ಲೆಕ್ಕದ ಮೂಲ ಒಂದೇ, ಹಗ್ಗ ಹಾಯುವ ಆ ರಂಧ್ರದ ಅಗಲ. ಬಾಣದ ಯಂತ್ರದಲ್ಲಿ ರಂಧ್ರ ಬಾಣದ ಉದ್ದದ ಒಂಬತ್ತನೇ ಒಂದು ಭಾಗ ಇರಬೇಕು. ಚೌಕಟ್ಟಿನ ಎತ್ತರ, ಹಲಗೆಯ ದಪ್ಪ, ತೋಳಿನ ಉದ್ದ ಎಲ್ಲವನ್ನೂ ರಂಧ್ರದ ಇಷ್ಟು ಪಟ್ಟು, ಇಷ್ಟು ಭಾಗ ಎಂದು ಹೇಳುತ್ತಾನೆ. ಕಲ್ಲು ಎಸೆಯುವ ಯಂತ್ರಕ್ಕೆ ಲೆಕ್ಕ ಇನ್ನೂ ಕಷ್ಟ. ಅವನಿಗಿಂತ ಸುಮಾರು 200 ವರ್ಷ ಮೊದಲು ಗ್ರೀಕ್ ಭಾಷೆಯಲ್ಲಿ ಬರೆದ ಫಿಲೋ ಪ್ರಕಾರ, ಕಲ್ಲಿನ ತೂಕ 8 ಪಟ್ಟಾದರೆ ರಂಧ್ರದ ಅಗಲ 2 ಪಟ್ಟು ಮಾತ್ರ ಆಗಬೇಕು, ಏಕೆಂದರೆ 2ರ ಘನ 8. ಘನಮೂಲ ತೆಗೆಯುವುದು ಎಲ್ಲ ಸೈನಿಕರಿಗೂ ಬರುತ್ತದೆಯೇ? ಅದಕ್ಕಾಗಿ ವಿಟ್ರುವಿಯಸ್ ಒಂದು ಪಟ್ಟಿ ಕೊಟ್ಟ. ಕಲ್ಲು 2 ರೋಮನ್ ಪೌಂಡ್, ಅಂದರೆ ಸುಮಾರು 650 ಗ್ರಾಂ ಇದ್ದರೆ ರಂಧ್ರ 5 ಬೆರಳು ಅಗಲ, ಅಂದರೆ ಸುಮಾರು 9 ಸೆಂ.ಮೀ. ಹೀಗೆ ಒಂದೊಂದು ತೂಕಕ್ಕೂ ಒಂದೊಂದು ಅಳತೆ. ರೇಖಾಗಣಿತ ಬಾರದವರು ಯುದ್ಧದ ಅಪಾಯದ ನಡುವೆ ಲೆಕ್ಕ ಮಾಡುತ್ತಾ ಕೂರಬಾರದು ಎಂಬುದೇ ಅವನ ಉದ್ದೇಶ. ತನಗೆ ಗೊತ್ತಿದ್ದುದನ್ನು ಅವನು ಬಚ್ಚಿಡಲಿಲ್ಲ.

ಆಗಸ್ಟಸ್‌ನ ಅಕ್ಕ ಆಕ್ಟೇವಿಯಾಳ ಶಿಫಾರಸಿನಿಂದ ಅವನಿಗೆ ಕೊನೆಯವರೆಗೂ ಜೀವನಕ್ಕೆ ಆಧಾರ ಸಿಕ್ಕಿತು. ಫಾನೊ ಪಟ್ಟಣದಲ್ಲಿ ಒಂದು ದೊಡ್ಡ ಸಭಾಭವನ ಕಟ್ಟಿಸಿದೆ ಎಂದೂ ಹೇಳಿಕೊಂಡಿದ್ದಾನೆ. ಮುಪ್ಪಿನಲ್ಲಿ, ಕ್ರಿ.ಪೂ. 25ರ ಸುಮಾರಿಗೆ, 10 ಭಾಗಗಳ ಡಿ ಆರ್ಕಿಟೆಕ್ಚುರಾ ಎಂಬ ಗ್ರಂಥ ಬರೆದು ಆಗಸ್ಟಸ್‌ಗೆ ಅರ್ಪಿಸಿದ. ತಾನು ಎತ್ತರದವನಲ್ಲ, ವಯಸ್ಸಿನಿಂದ ಮುಖ ಕೆಟ್ಟಿದೆ, ಕಾಯಿಲೆಯಿಂದ ಶಕ್ತಿ ಹೋಗಿದೆ, ಆದ್ದರಿಂದ ವಿದ್ಯೆ ಮತ್ತು ಬರಹವನ್ನೇ ನಂಬಿದ್ದೇನೆ ಎಂಬ ಅರ್ಥದಲ್ಲಿ ಅದರಲ್ಲಿ ಬರೆದಿದ್ದಾನೆ.

ಯಂತ್ರಗಳ ವಿಷಯ ಇರುವುದು ಹತ್ತನೇ ಭಾಗದಲ್ಲಿ. ಅದರ ಆರಂಭದಲ್ಲಿ ಎಫೆಸಸ್ ಎಂಬ ಗ್ರೀಕ್ ನಗರದ ಇನ್ನೊಂದು ಕಾನೂನು ಇದೆ. ಸರ್ಕಾರಿ ಕಟ್ಟಡ ಒಪ್ಪಿಕೊಳ್ಳುವ ವಾಸ್ತುಶಿಲ್ಪಿ ಮೊದಲೇ ಖರ್ಚಿನ ಅಂದಾಜು ಕೊಡಬೇಕು, ತನ್ನ ಆಸ್ತಿಯನ್ನು ಒತ್ತೆ ಇಡಬೇಕು. ಖರ್ಚು ಅಂದಾಜಿಗೆ ಸರಿ ಬಂದರೆ ಸನ್ಮಾನ. ಕಾಲು ಭಾಗದವರೆಗೆ ಹೆಚ್ಚಾದರೆ ನಗರವೇ ಕೊಡುತ್ತದೆ. ಅದಕ್ಕೂ ಮೀರಿದರೆ ಅವನ ಸ್ವಂತ ಆಸ್ತಿಯಿಂದ ವಸೂಲಿ. ಇಂಥ ಕಾನೂನು ರೋಮ್‌ನಲ್ಲೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನು ಬಯಸುತ್ತಾನೆ.

ಇದನ್ನು ಓದುವಾಗ ನನಗೆ ನಮ್ಮ ಅಬ್ಬಾ ನೆನಪಾದರು. ಅವರು ಬಡಗಿ. ಮನೆಯಲ್ಲಿ ನಾವು ಉರ್ದು ಮಾತನಾಡುತ್ತೇವೆ, ಲೆಕ್ಕಕ್ಕೆ ಹಿಸಾಬ್ ಎನ್ನುತ್ತೇವೆ. ಕಳೆದ ವರ್ಷ ಅವರು ಚೀಟಿಯಲ್ಲಿ ಗುರುತು ಹಾಕಿದ್ದ ಕಿಟಕಿಗಳ ಅಳತೆಯನ್ನು ನಾನು ನೋಟ್‌ಬುಕ್ಕಿಗೆ ಇಳಿಸಿದೆ. ಒಂದು ಕಡೆ 3 ಅಡಿ 6 ಇಂಚು ಇದ್ದದ್ದನ್ನು ಅವಸರದಲ್ಲಿ 3 ಅಡಿ ಎಂದು ಬರೆದೆ. ಬಾಗಿಲುಗಳು ಚೌಕಟ್ಟಿಗೆ ಕೂಡಲಿಲ್ಲ. ಮರ ಹಾಳಾಯಿತು. ಆ ನಷ್ಟವನ್ನು ಅಬ್ಬಾ ತಾವೇ ಹೊತ್ತರು, ಗಿರಾಕಿಯಿಂದ ಒಂದು ರೂಪಾಯಿಯೂ ಹೆಚ್ಚು ಕೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ವಿಟ್ರುವಿಯಸ್‌ನ ಪುಸ್ತಕಕ್ಕೂ ಇದೇ ಆಯಿತು. ಅವನ ಕೈಬರಹ ಉಳಿಯಲಿಲ್ಲ. ಈಗ ಸಿಗುವ ಅತ್ಯಂತ ಹಳೆಯ ಪ್ರತಿ ಸುಮಾರು ಕ್ರಿ.ಶ. 800ರದು. ಅದಕ್ಕೆ ಮುಂಚೆಯೂ ನಂತರವೂ ಎಷ್ಟೋ ಜನ ಕೈಯಲ್ಲಿ ನಕಲು ಮಾಡಿದರು. ಆ ಯಂತ್ರಗಳ ಬಳಕೆ ನಿಂತು ಎಷ್ಟೋ ಕಾಲವಾಗಿತ್ತು, ನಕಲು ಮಾಡಿದವರು ಅವುಗಳನ್ನು ಕಣ್ಣಾರೆ ಕಂಡವರಲ್ಲ. ಭಿನ್ನರಾಶಿಯ ಚಿಹ್ನೆಗಳು ಅವರಿಗೆ ಅರ್ಥವಾಗಲಿಲ್ಲ. ಕೆಲವು ಬಿಟ್ಟುಹೋದವು, ಕೆಲವು ಬದಲಾದವು. ಅವನು ಬರೆಸಿದ್ದ ಚಿತ್ರಗಳೂ ಕಳೆದುಹೋದವು. ಬರೆದಂತೆಯೇ ಮಾಡಲು ಹೋದರೆ ಒಂದು ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ.

ಹಾಗಾದರೆ ತಪ್ಪು ಹಿಡಿಯುವುದು ಹೇಗೆ? ನಾವು ಕ್ಯಾಶ್ ಬುಕ್ಕನ್ನು ಪಾಸ್ ಬುಕ್ ಜೊತೆ ತಾಳೆ ನೋಡುತ್ತೇವಲ್ಲ, ಹಾಗೆಯೇ. ವಿದ್ವಾಂಸರು ವಿಟ್ರುವಿಯಸ್‌ನ ಅಂಕಿಗಳನ್ನು ಗ್ರೀಕ್ ಲೇಖಕರಾದ ಫಿಲೋ ಮತ್ತು ಹೆರೋನ್ ಬರೆದ ಅಂಕಿಗಳ ಜೊತೆ ಇಟ್ಟು ನೋಡಿದರು. ಈ ಹೆರೋನ್‌ನ ಯಂತ್ರಶಾಸ್ತ್ರದ ಇನ್ನೊಂದು ಪುಸ್ತಕ ಪೂರ್ತಿಯಾಗಿ ಉಳಿದಿರುವುದು ಕುಸ್ತಾ ಇಬ್ನ್ ಲೂಕಾ ಮಾಡಿದ ಅರಬ್ಬೀ ಅನುವಾದದಲ್ಲಿ ಮಾತ್ರ. 20ನೇ ಶತಮಾನದ ಆರಂಭದಲ್ಲಿ ಜರ್ಮನ್ ಸೇನಾಧಿಕಾರಿ ಎರ್ವಿನ್ ಶ್ರಾಮ್ ಈ ಬರಹಗಳನ್ನು ನಂಬಿ ಪೂರ್ಣ ಗಾತ್ರದ ಯಂತ್ರಗಳನ್ನು ಕಟ್ಟಿದ. 1912ರಲ್ಲಿ ಸ್ಪೇನ್‌ನ ಅಂಪೂರಿಯಾಸ್‌ನಲ್ಲಿ ನಿಜವಾದ ಯಂತ್ರವೊಂದರ ಚೌಕಟ್ಟಿನ ಕಬ್ಬಿಣದ ಕವಚವೂ ರಂಧ್ರದ ಕಂಚಿನ ಬಳೆಗಳೂ ಸಿಕ್ಕವು. ರಂಧ್ರ ಸುಮಾರು 8 ಸೆಂ.ಮೀ. ಇತ್ತು. ಒಂಬತ್ತರಿಂದ ಗುಣಿಸಿದರೆ ಸುಮಾರು 70 ಸೆಂ.ಮೀ. ಉದ್ದದ ಬಾಣ. ಗ್ರೀಕರು ಮೂರು ಗೇಣಿನ ಬಾಣ ಎಂದು ಕರೆಯುತ್ತಿದ್ದುದು ಇದೇ ಅಳತೆ. ನೆಲದೊಳಗಿನಿಂದ ಬಂದ ಲೋಹ ಪುಸ್ತಕಕ್ಕೆ ಸಾಕ್ಷಿ ಹೇಳಿತು. ಮುಂದೆ ಇಂಗ್ಲಿಷ್ ವಿದ್ವಾಂಸ ಮಾರ್ಸ್‌ಡೆನ್ 1969 ಮತ್ತು 1971ರಲ್ಲಿ ಎರಡು ಸಂಪುಟಗಳಲ್ಲಿ ಈ ಎಲ್ಲವನ್ನೂ ಒಟ್ಟುಗೂಡಿಸಿದ. 1972ರಲ್ಲಿ ಇರಾಕ್‌ನ ಹತ್ರಾದಲ್ಲಿ ಇನ್ನೊಂದು ಯಂತ್ರದ ಭಾಗಗಳು ಸಿಕ್ಕವು. ತಾಳೆ ನೋಡುವ ಕೆಲಸ ಇನ್ನೂ ಮುಗಿದಿಲ್ಲ.

ವಿಟ್ರುವಿಯಸ್ ಯಾವಾಗ ತೀರಿಕೊಂಡ ಎಂಬುದನ್ನು ಯಾರೂ ಬರೆದಿಡಲಿಲ್ಲ. ಆದರೆ ಅವನು ಎಲ್ಲ ಅಳತೆಗಳನ್ನೂ ಒಂದೇ ರಂಧ್ರಕ್ಕೆ ಕಟ್ಟಿದ್ದರಿಂದ, ನಕಲು ಮಾಡಿದವರು ತಪ್ಪಿದರೂ ಸರಿಪಡಿಸಲು ದಾರಿ ಉಳಿಯಿತು. ನಾವು ಗೆಳೆಯರ ನೋಟ್ಸ್ ನಕಲು ಮಾಡುವಾಗ, ಲೆಡ್ಜರ್ ಬರೆಯುವಾಗ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಒಂದು ಅಂಕಿ ಬಿಟ್ಟರೆ ಅದರ ನಷ್ಟವನ್ನು ಯಾರೋ ಒಬ್ಬರು ಹೊರಬೇಕಾಗುತ್ತದೆ. ಈಗ ನಾನು ಅಬ್ಬಾನ ಚೀಟಿಯಿಂದ ಅಳತೆ ಬರೆದುಕೊಂಡ ಮೇಲೆ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವರು ತಲೆಯಾಡಿಸಿದ ಮೇಲೆಯೇ ಮರ ಕತ್ತರಿಸುವುದು.