ಅಬ್ರಹಾಂ ಲಿಂಕನನ ವಿಷಾದ

ನಮ್ಮ ನಾಡಿನ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಒಂದು ಪತ್ರವು ಚೌಕಟ್ಟಿನೊಳಗೆ ತೂಗುತ್ತಿರುವುದನ್ನು ನಾವು ನೋಡಿದ್ದೇವೆ. ಅಮೆರಿಕದ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನನು ತನ್ನ ಮಗನ ಉಪಾಧ್ಯಾಯರಿಗೆ ಬರೆದನೆಂದು ಹೇಳಲಾಗುವ ಪತ್ರವದು. ನಾನೂ ಏಳನೆಯ ತರಗತಿಯಲ್ಲಿದ್ದಾಗ ಅದನ್ನು ಬಾಯಿಪಾಠ ಮಾಡಿ, ಶಾಲಾ ವಾರ್ಷಿಕೋತ್ಸವದಲ್ಲಿ ಒಪ್ಪಿಸಿ, ಒಂದು ಸ್ಟೀಲಿನ ಲೋಟವನ್ನು ಬಹುಮಾನವಾಗಿ ಪಡೆದದ್ದುಂಟು. ಆ ಪತ್ರವು ಲಿಂಕನನದೆಂಬುದಕ್ಕೆ ಆಧಾರವಿಲ್ಲವೆಂದೂ, ಅವನ ಕಾಗದಪತ್ರಗಳಲ್ಲಿ ಅಂತಹದೊಂದು ದೊರೆತಿಲ್ಲವೆಂದೂ ಈಚೆಗೆ ತಿಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು. ಆದರೆ ಅವನು ನಿಜವಾಗಿ ಬರೆದ ಬೇರೆ ಕೆಲವು ಪತ್ರಗಳಿವೆ. ನಾನು ಕಂಡ ಯಾವ ಗೋಡೆಯ ಮೇಲೂ ಅವು ಇಲ್ಲ. ಒಮ್ಮೆ ಮನಸ್ಸು ಕುಸಿದು ಎದ್ದವನೊಬ್ಬನು, ಕುಸಿಯುತ್ತಿದ್ದ ಇನ್ನೊಬ್ಬನಿಗೆ ಬರೆದ ಪತ್ರಗಳವು. ಆ ಪತ್ರಗಳ ಹಿಂದಿರುವ ಜೀವನವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಅದನ್ನು ಮುಚ್ಚಿಟ್ಟರೆ ಲೇಖನವು ಪ್ರಾಮಾಣಿಕವಾಗದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಪ್ಪ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ, ಕೊನೆ ತೆಗೆಯುವ ಕೆಲಸದವರು. ಅಮ್ಮ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ನನ್ನ ಬಸ್ಸಿನ ಖರ್ಚನ್ನು ಹೊಂದಿಸಿದವರು. ನಾನು ದ್ವಿತೀಯ ಬಿ.ಎ.ಯಲ್ಲಿದ್ದಾಗ, ಆಟಿಯ ಮಳೆಯಲ್ಲಿ, ನನ್ನನ್ನು ಸಾಕಿದ ಅಜ್ಜಿ ತೀರಿಕೊಂಡರು. ದುಃಖವು ಎಲ್ಲರಿಗೂ ಬರುತ್ತದೆ, ಮೆಲ್ಲಮೆಲ್ಲನೆ ಹೋಗುತ್ತದೆ. ನನ್ನದು ಹೋಗಲಿಲ್ಲ. ರಾತ್ರಿ ನಿದ್ದೆ ಬಾರದು, ಹಗಲು ಊಟ ಸೇರದು. ಪುಸ್ತಕ ತೆರೆದರೆ ಒಂದೇ ಪುಟವನ್ನು ಗಂಟೆಗಟ್ಟಲೆ ನೋಡುತ್ತ ಕುಳಿತಿರುತ್ತಿದ್ದೆ. ಬೆಟ್ಟಂಪಾಡಿಯ ಬಸ್ಸು ಕಣ್ಣೆದುರೇ ಬಂದರೂ ಕೈ ಅಡ್ಡ ಹಿಡಿಯುವ ಮನಸ್ಸಾಗುತ್ತಿರಲಿಲ್ಲ. ನೆರೆಕರೆಯವರಲ್ಲಿ ಕೆಲವರು ಸೋಮಾರಿತನವೆಂದರು, ಕೆಲವರು ದೃಷ್ಟಿಯೆಂದರು. ಅಮ್ಮ ನೂಲು ಕಟ್ಟಿಸಿದರು. ಹಾಜರಿ ಕಡಿಮೆಯಾದುದನ್ನು ಕಂಡ ಉಪನ್ಯಾಸಕರೊಬ್ಬರು ಒಂದು ದಿನ ನನ್ನನ್ನು ಕರೆಸಿ, ಗದರಿಸದೆ, ಎದುರಿಗೆ ಕುಳ್ಳಿರಿಸಿಕೊಂಡು ಮಾತನಾಡಿಸಿದರು. ಅವರ ಒತ್ತಾಯದಿಂದಲೇ ನಾನು ಸರಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡೆ. ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ, ಖಿನ್ನತೆಯೆಂಬ ಕಾಯಿಲೆಯಿದು ಎಂದು ಆಗ ತಿಳಿಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅದೇ ಉಪನ್ಯಾಸಕರು ಲಿಂಕನನ ಜೀವನಚರಿತ್ರೆಯೊಂದನ್ನು ಓದಲು ಕೊಟ್ಟರು. ಗುಲಾಮಗಿರಿಯನ್ನು ತೊಲಗಿಸಿದ ಮಹಾಪುರುಷನ ಕಥೆಯೆಂದು ತೆರೆದ ನನಗೆ, ಅದರೊಳಗೆ ನನ್ನಂತೆಯೇ ಹಾಸಿಗೆ ಹಿಡಿದು ಮಲಗಿದ ಒಬ್ಬ ಮನುಷ್ಯನು ಕಾಣಿಸಿದನು.

ಲಿಂಕನನು 1809ನೆಯ ಇಸವಿ ಫೆಬ್ರವರಿ 12ರಂದು ಕೆಂಟಕಿ ಪ್ರಾಂತದ ಒಂದು ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದನು. ತಂದೆ ಥಾಮಸನಿಗೆ ತನ್ನ ಹೆಸರನ್ನು ಹೇಗೋ ಗೀಚುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಅಬ್ರಹಾಮನಿಗೆ ಏಳು ವರ್ಷವಾಗಿದ್ದಾಗ ಕುಟುಂಬವು ಇಂಡಿಯಾನಾದ ಕಾಡಿಗೆ ಹೋಗಿ ನೆಲಸಿತು. ಅಲ್ಲಿ 1818ರಲ್ಲಿ ತಾಯಿ ನ್ಯಾನ್ಸಿ ತೀರಿಕೊಂಡಳು. ವಿಷದ ಗಿಡವೊಂದನ್ನು ಮೇದ ಹಸುವಿನ ಹಾಲನ್ನು ಕುಡಿಯುವುದರಿಂದ ಬರುತ್ತಿದ್ದ ಕಾಯಿಲೆಯದು. ಆಗ ಹುಡುಗನಿಗೆ ಒಂಬತ್ತು ವರ್ಷ. ಮರುವರ್ಷ ಬಂದ ಮಲತಾಯಿ ಸಾರಾ ಮಾತ್ರ ಕಥೆಗಳಲ್ಲಿ ನಾವು ಓದುವ ಮಲತಾಯಿಯಂತಿರಲಿಲ್ಲ. ಹುಡುಗನ ಓದಿನ ಹುಚ್ಚನ್ನು ಕಂಡು ಅವಳು ಅದಕ್ಕೆ ಅಡ್ಡಿ ಬಾರದಂತೆ ನೋಡಿಕೊಂಡಳು. ಆದರೂ ಅವನು ಶಾಲೆಯಲ್ಲಿ ಕುಳಿತದ್ದು ಎಲ್ಲ ಸೇರಿ ಒಂದು ವರ್ಷಕ್ಕೂ ಕಡಿಮೆ. 1828ರಲ್ಲಿ ಅವನ ಒಬ್ಬಳೇ ಅಕ್ಕ ಹೆರಿಗೆಯಲ್ಲಿ ಮಡಿದಳು.

ಇಪ್ಪತ್ತೆರಡರ ಪ್ರಾಯದಲ್ಲಿ ಲಿಂಕನನು ಇಲಿನಾಯ್ ಪ್ರಾಂತದ ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಗೆ ಬಂದನು. ಅಂಗಡಿಯಿಟ್ಟು ಸಾಲಗಾರನಾದನು, ಅಂಚೆಯ ಕೆಲಸ ಮಾಡಿದನು, ಭೂಮಿಯ ಅಳತೆಯನ್ನು ತಾನಾಗಿ ಕಲಿತು ಸರ್ವೆಯರನಾದನು, 1834ರಲ್ಲಿ ಪ್ರಾಂತದ ಶಾಸನಸಭೆಗೂ ಆಯ್ಕೆಯಾದನು. ಮರುವರ್ಷ ಆಗಸ್ಟಿನಲ್ಲಿ ಅದೇ ಹಳ್ಳಿಯ ಆ್ಯನ್ ರಟ್ಲೆಜ್ ಎಂಬ ತರುಣಿ ಜ್ವರದಿಂದ ತೀರಿಕೊಂಡಳು. ಅವರಿಬ್ಬರ ನಡುವಿನ ಸಂಬಂಧ ಎಂತಹುದೆಂಬ ವಿಷಯದಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಆ ಸಾವಿನ ನಂತರ ಲಿಂಕನನ ಸ್ಥಿತಿಯನ್ನು ಕಂಡು ಊರವರು ಗಾಬರಿಗೊಂಡರೆಂದು ಅಲ್ಲಿಯ ಹಲವರು ಮುಂದೆ ನೆನಪಿಸಿಕೊಂಡಿದ್ದಾರೆ. ಆಗ ಬೌಲಿಂಗ್ ಗ್ರೀನ್ ಎಂಬ ಹಿರಿಯನೂ ಅವನ ಹೆಂಡತಿಯೂ ಅವನನ್ನು ತಮ್ಮ ಮನೆಗೆ ಕರೆದೊಯ್ದು ಇರಿಸಿಕೊಂಡರು. ಅವನನ್ನು ಒಬ್ಬನೇ ಇರಲು ಬಿಡಬಾರದೆಂಬ ವಿವೇಕ ಆ ಹಳ್ಳಿಗರಿಗಿತ್ತು.

1837ರಲ್ಲಿ ವಕೀಲಿ ಮಾಡಲೆಂದು ಲಿಂಕನನು ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಬಂದನು. ಅಲ್ಲಿ ಜೋಶುವಾ ಸ್ಪೀಡ್ ಎಂಬ ತರುಣನ ಅಂಗಡಿಗೆ ಹೋಗಿ ಹಾಸಿಗೆ ಹೊದಿಕೆಯ ಬೆಲೆ ಕೇಳಿದರೆ 17 ಡಾಲರು ಎಂಬ ಉತ್ತರ ಬಂದಿತು. ಅಷ್ಟು ಹಣ ಅವನಲ್ಲಿರಲಿಲ್ಲ, ಸಾಲ ಕೇಳಿದನು. ಅವನ ಮುಖದಲ್ಲಿದ್ದಷ್ಟು ವ್ಯಥೆಯನ್ನು ತಾನು ಹಿಂದೆಂದೂ ಕಂಡಿರಲಿಲ್ಲವೆಂದು ಸ್ಪೀಡ್ ಮುಂದೆ ಹೇಳಿದ್ದುಂಟು. ಸಾಲವೇಕೆ, ಅಂಗಡಿಯ ಮೇಲಿನ ನನ್ನ ಕೋಣೆಯಲ್ಲೇ ಇರಬಹುದಲ್ಲ ಎಂದು ಅವನು ಕರೆದನು. ಬಾಳಿನುದ್ದಕ್ಕೂ ಉಳಿದ ಗೆಳೆತನವು ಹೀಗೆ ಆರಂಭವಾಯಿತು.

1841ನೆಯ ಜನವರಿಯಲ್ಲಿ ಎಲ್ಲ ಕಷ್ಟಗಳೂ ಒಟ್ಟಾಗಿ ಬಂದವು. ಮೇರಿ ಟಾಡ್ ಎಂಬವಳೊಂದಿಗೆ ಆಗಬೇಕಿದ್ದ ಮದುವೆ ಮುರಿಯಿತು. ಶಾಸನಸಭೆಯಲ್ಲಿ ಅವನು ಬೆಂಬಲಿಸಿದ್ದ ಕಾಲುವೆ ರೈಲುದಾರಿಗಳ ಯೋಜನೆಯು ಪ್ರಾಂತವನ್ನು ಸಾಲದಲ್ಲಿ ಮುಳುಗಿಸಿತ್ತು. ಸ್ಪೀಡನೂ ಅಂಗಡಿ ಮಾರಿ ತನ್ನೂರಿಗೆ ಹೊರಡುವವನಿದ್ದನು. ಲಿಂಕನನು ಹಾಸಿಗೆ ಹಿಡಿದನು; ಸಭೆಗೆ ಹೋಗುವುದನ್ನು ಬಿಟ್ಟನು. ಗೆಳೆಯರು ಅವನ ಜೀವಕ್ಕೇ ಅಂಜಿ ಹಗಲಿರುಳು ಕಾದರು. ವೈದ್ಯ ಆ್ಯನ್ಸನ್ ಹೆನ್ರಿ ಚಿಕಿತ್ಸೆ ಮಾಡಿದನು. ಆ ತಿಂಗಳ 23ರಂದು ತನ್ನ ಜತೆಯ ವಕೀಲನಿಗೆ ಬರೆದ ಪತ್ರದಲ್ಲಿ ಲಿಂಕನನು, ಬದುಕಿರುವವರಲ್ಲೆಲ್ಲ ತನ್ನಷ್ಟು ದುಃಖಿ ಇನ್ನೊಬ್ಬನಿಲ್ಲವೆಂದೂ, ಎಂದಾದರೂ ಗುಣವಾದೀತೆಂದು ಹೇಳಲಾರೆನೆಂದೂ ತಿಳಿಸಿದನು. ನೀನು ಏಳದಿದ್ದರೆ ಸಾಯುವೆಯೆಂದು ಸ್ಪೀಡ್ ಎಚ್ಚರಿಸಿದಾಗ, ಸಾಯಲು ಅಂಜಿಕೆಯಿಲ್ಲ, ಆದರೆ ನಾನು ಬದುಕಿದ್ದೆನೆಂದು ಯಾರಾದರೂ ನೆನೆಯುವಂತಹ ಒಂದು ಕೆಲಸವನ್ನೂ ಇನ್ನೂ ಮಾಡಿಲ್ಲವಲ್ಲ ಎಂದನಂತೆ. ಈ ಭಾಗವನ್ನು ಓದಿದಂದು ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಷ್ಟು ಕತ್ತಲೆಯಲ್ಲಿಯೂ ಅವನಿಗೆ ಹಿಡಿದುಕೊಳ್ಳಲು ಒಂದು ಎಳೆಯಿತ್ತು.

ಆ ವರ್ಷದ ಬೇಸಗೆಯಲ್ಲಿ ಸ್ಪೀಡ್ ಅವನನ್ನು ಲೂಯಿವಿಲ್ ಬಳಿಯ ತನ್ನ ಮನೆಗೆ ಕರೆಸಿಕೊಂಡನು. ಹಲವು ವಾರಗಳ ವಿಶ್ರಾಂತಿ, ನಡೆದಾಟ, ಮನೆಮಂದಿಯೊಡನೆ ಮಾತುಕತೆ ಇವು ಅವನನ್ನು ಚೇತರಿಸಿದವು. ಸ್ಪೀಡನ ತಾಯಿ ಅವನಿಗೊಂದು ಬೈಬಲನ್ನು ಕೊಟ್ಟಳು. ಆದರೆ ಆ ಮನೆಯ ಸಿರಿಯು ಗುಲಾಮರ ಬೆವರಿನಿಂದ ಬಂದುದೆಂಬುದನ್ನು ಇಲ್ಲಿ ಮರೆಯಲಾಗದು. ಹಿಂದಿರುಗುವಾಗ ಹಡಗಿನಲ್ಲಿ, ಸರಪಳಿಗೆ ಕಟ್ಟಲ್ಪಟ್ಟು ದೂರ ದೇಶಕ್ಕೆ ಸಾಗಿಸಲ್ಪಡುತ್ತಿದ್ದ ಹನ್ನೆರಡು ಮಂದಿ ನೀಗ್ರೋ ಗುಲಾಮರನ್ನು ಲಿಂಕನನು ಕಂಡನು. ಆ ನೋಟವು ತನ್ನನ್ನು ಸದಾ ಕಾಡುತ್ತಿದೆಯೆಂದು ಹದಿನಾಲ್ಕು ವರ್ಷಗಳ ಮೇಲೆ, 1855ರಲ್ಲಿ, ಅವನು ಸ್ಪೀಡನಿಗೇ ಬರೆದನು.

ಮರುವರ್ಷವೇ ಪಾತ್ರಗಳು ಅದಲುಬದಲಾದವು. ಮದುವೆ ನಿಶ್ಚಯವಾಗಿದ್ದ ಸ್ಪೀಡನಿಗೆ ಅಂತಹದೇ ಅಂಜಿಕೆ, ಅಂತಹದೇ ಮಂಕು ಕವಿಯಿತು. ಆರಂಭದಲ್ಲಿ ನಾನು ಹೇಳಿದ ಪತ್ರಗಳು ಆಗ ಬಂದವು. 1842ರ ಜನವರಿ ಫೆಬ್ರವರಿಗಳಲ್ಲಿ ಲಿಂಕನನು ಗೆಳೆಯನಿಗೆ ಒಂದರ ಮೇಲೊಂದು ಪತ್ರ ಬರೆದನು. ಧೈರ್ಯ ತಂದುಕೋ ಎಂಬ ಒಣ ಉಪದೇಶ ಅವುಗಳಲ್ಲಿಲ್ಲ. ಇದು ನಿನ್ನ ದೋಷವಲ್ಲ, ನರಗಳ ದುರ್ಬಲತೆ, ಪ್ರಯಾಣದಲ್ಲಿ ಕೆಟ್ಟ ಹವೆ ಇದನ್ನು ಹೆಚ್ಚಿಸೀತು, ಕೆಲಸವೂ ಇಲ್ಲದೆ ಗೆಳೆಯರ ಮಾತೂ ಇಲ್ಲದೆ ಇರುವಾಗ ಇದು ಬಲಿಯುತ್ತದೆ, ಸುಮ್ಮನೆ ಕೂರದೆ ಯಾವುದಾದರೊಂದು ಕೆಲಸದಲ್ಲಿ ತೊಡಗು, ಇದು ಕಳೆದುಹೋಗುತ್ತದೆ. ಅವನು ತಿಳಿಸಿದ್ದರ ಸಾರವಿಷ್ಟು. ಇಂದಿನ ವೈದ್ಯರು ಹೇಳುವ ಮಾತುಗಳಲ್ಲಿ ಎಷ್ಟೋ ಇಲ್ಲಿವೆ. ಸ್ಪೀಡನ ಮದುವೆ ಆ ಫೆಬ್ರವರಿಯಲ್ಲಿ ನೆರವೇರಿತು. ಲಿಂಕನನೂ ನವೆಂಬರ 4ರಂದು ಮೇರಿಯನ್ನೇ ಮದುವೆಯಾದನು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆದರೆ ಅದು ಸುಳ್ಳಾಗುವುದು. ವಿಷಾದವು ಅವನನ್ನು ಬಿಡಲಿಲ್ಲ. ಅದರೊಡನೆ ಬಾಳುವುದನ್ನು ಅವನು ಕಲಿತನು. ವರ್ಷಕ್ಕೆರಡು ಬಾರಿ ನ್ಯಾಯಾಧೀಶರೊಂದಿಗೂ ಬೇರೆ ವಕೀಲರೊಂದಿಗೂ ಊರಿಂದೂರಿಗೆ ನ್ಯಾಯಾಲಯದ ಸಂಚಾರ ಹೋಗುವನು. ರಾತ್ರಿ ಚಾವಡಿಗಳಲ್ಲಿ ಹಾಸ್ಯದ ಕಥೆ ಹೇಳಿ ಎಲ್ಲರನ್ನೂ ನಗಿಸುವನು. ಮದ್ಯವನ್ನು ಮುಟ್ಟುತ್ತಿರಲಿಲ್ಲ, ಊಟದಲ್ಲಿ ಮಿತ. ನಲವತ್ತು ದಾಟಿದ ಮೇಲೆ ಯೂಕ್ಲಿಡನ ರೇಖಾಗಣಿತದ ಆರು ಭಾಗಗಳನ್ನು ತಾನಾಗಿ ಅಭ್ಯಾಸ ಮಾಡಿದನು. ಅವನು ಸೇವಿಸುತ್ತಿದ್ದ ಆ ಕಾಲದ ಗುಳಿಗೆಗಳಲ್ಲಿ ಪಾದರಸವಿತ್ತು. ತನ್ನ ಸಿಟ್ಟು ಹೆಚ್ಚುತ್ತಿದೆಯೆಂದು ಕಂಡು ಅವನು ಅವುಗಳನ್ನು ಬಿಟ್ಟನಂತೆ. ಇಂದಿನ ಔಷಧಗಳು ಅಂತಹವಲ್ಲ. ಅವುಗಳನ್ನು ವೈದ್ಯರನ್ನು ಕೇಳದೆ ಬಿಡಲೂ ಬಾರದು.

1861ರಲ್ಲಿ ಅಧ್ಯಕ್ಷನಾದೊಡನೆ ಅಂತರ್ಯುದ್ಧವು ಆರಂಭವಾಯಿತು. 1850ರಲ್ಲಿ ಒಬ್ಬ ಮಗನನ್ನು ಕಳೆದುಕೊಂಡಿದ್ದವನಿಗೆ 1862ರ ಫೆಬ್ರವರಿಯಲ್ಲಿ ಹನ್ನೊಂದು ವರ್ಷದ ವಿಲ್ಲಿಯೂ ಇಲ್ಲವಾದನು. ಆ ವರ್ಷದ ಬೇಸಗೆಯಿಂದ ಅವನು ಪಟ್ಟಣದ ಹೊರಗಿನ ತಂಪಾದ ಗುಡ್ಡದ ಮನೆಯೊಂದರಲ್ಲಿದ್ದು, ಸುಮಾರು ಮೂರು ಮೈಲು ದೂರದ ಕಚೇರಿಗೆ ದಿನವೂ ಹೋಗಿ ಬರುತ್ತಿದ್ದನು. ಸೆಪ್ಟೆಂಬರ 22ರಂದು ಮಂತ್ರಿಗಳನ್ನು ಸೇರಿಸಿ, ಮೊದಲು ಒಂದು ಹಾಸ್ಯಪುಸ್ತಕದ ಅಧ್ಯಾಯವನ್ನು ಓದಿ ನಕ್ಕು, ಅನಂತರ ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಅವರ ಮುಂದಿಟ್ಟನು. ನಗುವು ಅವನಿಗೆ ಚೆಲ್ಲಾಟವಾಗಿರಲಿಲ್ಲ, ಔಷಧವಾಗಿತ್ತು. ಡಿಸೆಂಬರಿನಲ್ಲಿ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಫ್ಯಾನಿ ಎಂಬ ತರುಣಿಗೆ ಬಿಡುವು ಮಾಡಿಕೊಂಡು ಪತ್ರ ಬರೆದನು. ಈ ದುಃಖ ಕಡಿಮೆಯಾದೀತೆಂದು ಈಗ ನಿನಗೆ ನಂಬಲಾಗದು, ಆದರೆ ಆಗುವುದು ನಿಶ್ಚಯ, ನಾನು ಅನುಭವಿಸಿ ಬಲ್ಲೆ ಎಂಬುದು ಅದರ ತಾತ್ಪರ್ಯ.

1863ರ ಜನವರಿ 1ರಂದು ವಿಮೋಚನೆಯ ಘೋಷಣೆಗೆ ಅವನ ರುಜು ಬಿತ್ತು. ಮುಂದೊಮ್ಮೆ ಸ್ಪೀಡನು ಬಂದಾಗ ಲಿಂಕನನು 1841ರ ಆ ಮಾತನ್ನು ನೆನಪಿಸಿ, ಆಗ ಹಂಬಲಿಸಿದ ಕೆಲಸ ಈಗ ಕೈಗೂಡಿತೆಂದು ಭಾವಿಸುವೆನೆಂದನಂತೆ. 1865ರ ಏಪ್ರಿಲ್ 14ರಂದು ಹಂತಕನ ಗುಂಡು ತಾಗಿ, ಮರುದಿನ ಬೆಳಿಗ್ಗೆ, 56ನೆಯ ವಯಸ್ಸಿನಲ್ಲಿ ಅವನು ಕಾಲವಾದನು.

ವಾಚಕರೇ, ನಮ್ಮ ಕಡೆಯ ತಾಳಮದ್ದಳೆಗಳಲ್ಲಿ ಅರ್ಜುನನು ಬಿಲ್ಲು ಕೆಳಗಿಟ್ಟು ಕುಸಿಯುವುದನ್ನು ನಾವು ಕೇಳಿದ್ದೇವೆ. ಅವನನ್ನು ಹೇಡಿಯೆಂದು ಯಾರೂ ಎದ್ದು ಹೋಗುವುದಿಲ್ಲ. ಕೃಷ್ಣನು ಪಕ್ಕದಲ್ಲಿದ್ದು ಏನು ಹೇಳುತ್ತಾನೆಂದು ಕಾದು ಕುಳಿತಿರುತ್ತೇವೆ. ಆ ತಾಳ್ಮೆಯನ್ನು ನಮ್ಮ ಬೆಂಚಿನ ಗೆಳೆಯರಿಗೂ ತೋರಿಸಬಾರದೇಕೆ? ಲಿಂಕನನು ಮಹಾಪುರುಷನಾದುದರಿಂದ ಎದ್ದನೆಂದು ನನಗನ್ನಿಸುವುದಿಲ್ಲ. ಮುಂದೆ ಏನಾಗುವನೆಂದು ತಿಳಿಯದೆಯೇ ಒಬ್ಬ ಹಳ್ಳಿಯ ಹಿರಿಯನು, ಒಬ್ಬ ಅಂಗಡಿಯವನು, ಒಬ್ಬ ವೈದ್ಯನು ಅವನನ್ನು ಹಿಡಿದೆತ್ತಿದರು. ಎದ್ದವನು ಇನ್ನೊಬ್ಬರನ್ನು ಎತ್ತಿದನು.

ನನ್ನ ಮಟ್ಟಿಗೆ ಹೇಳುವುದಾದರೆ, ವೈದ್ಯರು ಹೇಳಿದಷ್ಟು ಕಾಲ ಮದ್ದು ತೆಗೆದುಕೊಂಡೆ. ನೆರೆಮನೆಯ ಸಹಪಾಠಿಯೊಬ್ಬನು ದಿನವೂ ಬೆಳಿಗ್ಗೆ ಅಂಗಳದ ಬದಿಯಲ್ಲಿ ನಿಂತು ಕರೆಯುತ್ತಿದ್ದನು. ಬಾರೆನೆಂದರೆ ಬಸ್ಸು ಬಿಟ್ಟು ಅಲ್ಲೇ ಕುಳಿತುಬಿಡುತ್ತಿದ್ದನು. ಅವನ ಮುಖ ನೋಡಿ ಹೊರಡಲೇಬೇಕಾಯಿತು. ಸಂಜೆ ತೋಟದಲ್ಲಿ ಅಪ್ಪನೊಂದಿಗೆ ಬಿದ್ದ ಅಡಿಕೆ ಹೆಕ್ಕುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಲಗುವಾಗ ಮೊಬೈಲನ್ನು ಅಮ್ಮನ ಬೀಡಿಯ ತಡ್ಪೆಯ ಬಳಿ ಇಟ್ಟು ಬರುವುದು, ಇವೆಲ್ಲ ಸಣ್ಣ ಸಂಗತಿಗಳೇ. ಆದರೂ ನಿದ್ದೆ ಮರಳಿ ಬಂದುದು ಇವುಗಳಿಂದ. ಈಗಲೂ ಕೆಲವು ದಿನ ಮೋಡ ಕವಿಯುತ್ತದೆ. ಆದರೆ ಯಾರಿಗೆ ಹೇಳಬೇಕೆಂಬುದು ಈಗ ಗೊತ್ತಿದೆ.

ಹೇಳಲು ಯಾರೂ ಇಲ್ಲವೆನ್ನುವವರಿಗೂ ದಾರಿಯಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದು. ಈ ಸಂಖ್ಯೆಯನ್ನು ನಮ್ಮ ಸೂಚನಾ ಫಲಕದಲ್ಲಿ ಬರೆದಿಟ್ಟರೆ ಒಳ್ಳೆಯದೆಂದು ವಿನಂತಿ.

ಕಳೆದ ತಿಂಗಳು, ಕಿರಿಯ ತರಗತಿಯವರೊಬ್ಬರು ಗ್ರಂಥಾಲಯದ ಮೂಲೆಯಲ್ಲಿ ಒಂದೇ ಪುಟವನ್ನು ತೆರೆದಿಟ್ಟು ಬಹಳ ಹೊತ್ತಿನಿಂದ ಕುಳಿತಿದ್ದುದನ್ನು ಕಂಡೆ. ಆ ಪುಟ ನನಗೆ ಪರಿಚಯವಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.