ಕೈ ತೊಳೆಸಿದ ವೈದ್ಯ

ತೆಂಗಿನ ಸೀಮೆಯ ಜನರಿಗೆ ಗಾಯ ಹೊಸದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಕಾಯಿ ಸುಲಿಯುವವರ ಅಂಗೈಗೆ ಕಬ್ಬಿಣದ ಮೊನೆ ತಗಲುವುದು, ತೋಟದಲ್ಲಿ ಬರಿಗಾಲಿಗೆ ಸಿಬಿರು ಚುಚ್ಚುವುದು ನಿತ್ಯದ ಸಂಗತಿ. ಅರಿಸಿನ ಮೆತ್ತಿ, ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕಿಳಿಯುತ್ತಾರೆ. ಬಹುಪಾಲು ಗಾಯಗಳು ಮಾಯುತ್ತವೆ, ಕೆಲವು ನಂಜೇರುತ್ತವೆ. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ಮೂತ್ರಪಿಂಡ, ಶ್ವಾಸಕೋಶ, ಹೃದಯಗಳೇ ಸೋಲತೊಡಗಿದಾಗ ವೈದ್ಯರು ಅದನ್ನು ಸೆಪ್ಸಿಸ್ ಎನ್ನುತ್ತಾರೆ.

ಈ ಸೀಮೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ವೈದ್ಯನಾಗಿದ್ದಾಗ, ಕಾಲಿನ ಗಾಯ ಕೀವಾಗಿದ್ದ ಕೂಲಿಕಾರನೊಬ್ಬನನ್ನು ಮೂರನೆಯ ದಿನ ಕರೆತಂದರು. ಏದುಸಿರು, ತಣ್ಣಗಿನ ಕೈ, ತಡವರಿಸುವ ಮಾತು. ನಮ್ಮಲ್ಲಿ ವೆಂಟಿಲೇಟರ್ ಇರಲಿಲ್ಲ. ತುಮಕೂರಿಗೆ ಚೀಟಿ ಬರೆದು ಕೈ ತೊಳೆದುಕೊಂಡೆ. ಬೀರುವಿನಲ್ಲಿದ್ದ ಆ್ಯಂಟಿಬಯೊಟಿಕ್ ಚುಚ್ಚುಮದ್ದನ್ನಾಗಲಿ, ಒಂದು ಬಾಟಲಿ ಸಲೈನನ್ನಾಗಲಿ ಕೊಡಲು ನನಗೆ ತೋಚಲಿಲ್ಲ. ಆ ದಾರಿಯನ್ನು ಅವನು ಮುಗಿಸಲಿಲ್ಲ. ಇಗ್ನಾಜ್ ಸೆಮ್ಮೆಲ್‌ವೈಸ್‌ನ ಬದುಕು ನನಗೆ ನಿಜವಾಗಿ ಅರ್ಥವಾದದ್ದು ಆ ಬಳಿಕವೇ.

1818ರಲ್ಲಿ ಹಂಗೆರಿಯ ಬುಡಾದಲ್ಲಿ ಹುಟ್ಟಿದ ಆತ 1846ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ಸೇರಿದ. ಅಲ್ಲಿ ಎರಡು ವಾರ್ಡುಗಳಿದ್ದವು. ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದ ವಾರ್ಡಿನಲ್ಲಿ ಆ ವರ್ಷ ನೂರಕ್ಕೆ ಮೂವರಿಗಿಂತ ಕಡಿಮೆ ತಾಯಂದಿರು ಸತ್ತರೆ, ವೈದ್ಯ ವಿದ್ಯಾರ್ಥಿಗಳಿದ್ದ ವಾರ್ಡಿನಲ್ಲಿ ಹನ್ನೊಂದಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಬಾಣಂತಿ ಜ್ವರ. ಆ ವಾರ್ಡು ಬೇಡವೆಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

1847ರಲ್ಲಿ ಆತನ ಸಹೋದ್ಯೋಗಿ ಕೊಲ್ಲೆಟ್ಷ್ಕಾ ಶವಪರೀಕ್ಷೆಯ ವೇಳೆ ಚಾಕು ತಗಲಿ ನಂಜೇರಿ ತೀರಿಕೊಂಡ. ಸತ್ತ ಬಾಣಂತಿಯರಲ್ಲಿ ಕಂಡ ಲಕ್ಷಣಗಳೇ ಅವನ ದೇಹದಲ್ಲೂ ಇದ್ದವು. ಸೆಮ್ಮೆಲ್‌ವೈಸ್‌ಗೆ ಸತ್ಯ ಹೊಳೆಯಿತು: ಶವಾಗಾರದಿಂದ ಹೆರಿಗೆ ಕೋಣೆಗೆ ಸಾವನ್ನು ಒಯ್ಯುತ್ತಿದ್ದುದು ವೈದ್ಯರ ಕೈಗಳೇ. ಮೇ ತಿಂಗಳಲ್ಲಿ ಆತ ಎಲ್ಲರೂ ಸುಣ್ಣ–ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ವಿಧಿಸಿದ. ನಮ್ಮ ಪಂಚಾಯಿತಿಗಳು ನೀರಿನ ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪೌಡರೇ ಅದು. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜುಲೈನಲ್ಲಿ ಸುಮಾರು ಒಂದಕ್ಕೆ ಇಳಿಯಿತು.

ಹಿರಿಯ ವೈದ್ಯರು ಒಪ್ಪಲಿಲ್ಲ. ಆತನೂ ತನ್ನ ವಾದವನ್ನು ಬೇಗನೆ ಬರೆದು ಮಂಡಿಸಲಿಲ್ಲ. ಮುಂದೆ ವಿರೋಧಿಗಳನ್ನು ಕೊಲೆಗಡುಕರೆಂದು ಜರೆದ. 1849ರಲ್ಲಿ ಹುದ್ದೆ ಹೋಯಿತು. ಪೆಸ್ಟ್ ನಗರಕ್ಕೆ ಮರಳಿ, ಅಲ್ಲಿನ ಆಸ್ಪತ್ರೆಯಲ್ಲೂ ಬಾಣಂತಿ ಜ್ವರವನ್ನು ತಗ್ಗಿಸಿದ. 1861ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರಿಯದೆ ತನ್ನ ಕೈಯಿಂದಲೇ ಲೆಕ್ಕವಿಲ್ಲದಷ್ಟು ತಾಯಂದಿರು ಸತ್ತರೆಂದು ಒಪ್ಪಿಕೊಂಡ. 1865ರಲ್ಲಿ ಮನಸ್ಸು ಕದಡಿದ ಆತನನ್ನು ವಿಯೆನ್ನಾದ ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾವಲಿನವರ ಹೊಡೆತಕ್ಕೆ ಸಿಕ್ಕಿದ ಆತ, ಗಾಯ ನಂಜೇರಿ ಆಗಸ್ಟ್ 13ರಂದು ತೀರಿಕೊಂಡ. ವಯಸ್ಸು 47. ಹಿಂದಿನ ದಿನವಷ್ಟೇ ಗ್ಲಾಸ್ಗೊದಲ್ಲಿ ಜೋಸೆಫ್ ಲಿಸ್ಟರ್ ಬಾಲಕನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಚ್ಚಿದ್ದ.

ಸೆಮ್ಮೆಲ್‌ವೈಸ್‌ನ ಬಳಿ ಇದ್ದದ್ದು ಒಂದು ಬೋಗುಣಿ, ಸಾವಿನ ಲೆಕ್ಕದ ಪಟ್ಟಿ ಮತ್ತು ತಪ್ಪನ್ನು ತನ್ನ ಕೈಯಲ್ಲೇ ಹುಡುಕುವ ಧೈರ್ಯ. ಇವು ಯಾವ ತಾಲ್ಲೂಕು ಆಸ್ಪತ್ರೆಗೂ ದುಬಾರಿಯಲ್ಲ. ನಿಮಿಷಕ್ಕೆ 22 ಮೀರಿದ ಉಸಿರು, ಮಂಕಾದ ಪ್ರಜ್ಞೆ, ಕುಸಿದ ರಕ್ತದೊತ್ತಡ, ಒತ್ತಿ ಬಿಟ್ಟ ಬೆರಳ ತುದಿಗೆ ಮೂರು ಸೆಕೆಂಡಾದರೂ ಮರಳದ ಕೆಂಪು: ಇವನ್ನು ಗುರುತಿಸಲು ಗಡಿಯಾರ ಮತ್ತು ರಕ್ತದೊತ್ತಡದ ಉಪಕರಣ ಸಾಕು. ಇಂಥ ರೋಗಿಗೆ ಮೊದಲ ಗಂಟೆಯೊಳಗೆ ಆ್ಯಂಟಿಬಯೊಟಿಕ್ ಬೀಳಬೇಕು. ರಕ್ತದೊತ್ತಡ ಕುಸಿದಿದ್ದರೆ ಉಸಿರಾಟವನ್ನು ಗಮನಿಸುತ್ತ ಸಲೈನ್ ಹರಿಯಬೇಕು. ದೊಡ್ಡಾಸ್ಪತ್ರೆಯ ಪ್ರಯಾಣ ಆಮೇಲಿನದು.

ಅಂದಿನಿಂದ ನಾನು ಒಂದು ನಿಯಮ ಹಾಕಿಕೊಂಡೆ: ಚುಚ್ಚುಮದ್ದು ಮೊದಲು, ಚೀಟಿ ಆಮೇಲೆ. ಚೀಟಿಯ ಮೇಲೆ ಚುಚ್ಚುಮದ್ದು ಕೊಟ್ಟ ಹೊತ್ತು ಕಡ್ಡಾಯವಾಗಿ ಇರಬೇಕು.