ವಿ. ಕೃ. ಗೋಕಾಕರ ಹೈದರಾಬಾದಿನ ವರ್ಷಗಳು

ವಿನಾಯಕ ಕೃಷ್ಣ ಗೋಕಾಕರ ಕಾವ್ಯವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಅವರ ಆಡಳಿತವನ್ನು ಕುರಿತು ನಡೆದಿರುವುದು ತೀರ ಕಡಿಮೆ. 1959ರಿಂದ 1966ರವರೆಗೆ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ಅವಧಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಅದು ನ್ಯಾಯವಲ್ಲ.

1909ರ ಆಗಸ್ಟ್ 9ರಂದು ಸವಣೂರಿನಲ್ಲಿ ಜನಿಸಿದ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಕವಿಯಾಗಿ ಬೆಳೆದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿ ಮರಳಿದ ಮೇಲೆ ಅವರನ್ನು ಹುಡುಕಿಕೊಂಡು ಬಂದದ್ದು ಪ್ರಾಂಶುಪಾಲರ ಪೀಠ: ಸಾಂಗ್ಲಿ, ಕೊಲ್ಹಾಪುರ, ಕೊನೆಗೆ ತಾವೇ ಓದಿದ್ದ ಕರ್ನಾಟಕ ಕಾಲೇಜು. 1958ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಮರುವರ್ಷವೇ ಇಂಗ್ಲಿಷ್ ಬೋಧನೆಯ ಸಂಸ್ಥೆಯೊಂದರ ಹೊಣೆ ಹೊತ್ತರು.

1958ರಲ್ಲಿ ಭಾರತ ಸರ್ಕಾರ ಸ್ಥಾಪಿಸಿದ ಆ ಸಂಸ್ಥೆ ಷೇಕ್ಸ್‌ಪಿಯರನನ್ನು ಬೋಧಿಸುವ ಕಾಲೇಜಾಗಿರಲಿಲ್ಲ. ಸ್ವಾತಂತ್ರ್ಯಾನಂತರ ಶಾಲೆಗಳ ಸಂಖ್ಯೆ ಬೆಳೆದಿತ್ತು. ಇಂಗ್ಲಿಷಿಗೆ ಮೀಸಲಾದ ಅವಧಿ ಕುಗ್ಗಿತ್ತು. ಆ ಭಾಷೆಯನ್ನು ಕಲಿಸಬಲ್ಲ ಅಧ್ಯಾಪಕರ ಕೊರತೆ ಎಲ್ಲೆಡೆ ಕಾಡುತ್ತಿತ್ತು. ವಿವಿಧ ರಾಜ್ಯಗಳಿಂದ ಬಂದ ಅಧ್ಯಾಪಕರಿಗೆ ತರಬೇತಿ ಕೊಡುವುದು, ಪಾಠಸಾಮಗ್ರಿ ಸಿದ್ಧಪಡಿಸುವುದು, ಬೋಧನಾಕ್ರಮವನ್ನು ಕುರಿತು ಸಂಶೋಧನೆ ನಡೆಸುವುದು ಸಂಸ್ಥೆಯ ಕೆಲಸ. ಧ್ವನಿ, ವಾಕ್ಯರಚನೆ, ಮಿತವಾದ ಶಬ್ದಸಂಪತ್ತು, ಇವುಗಳ ಕ್ರಮಬದ್ಧ ಶ್ರೇಣೀಕರಣ ಅಲ್ಲಿಯ ನಿತ್ಯದ ಚಿಂತೆ. ಮಹಾಕಾವ್ಯದ ಕನಸು ಕಾಣುತ್ತಿದ್ದ ಕವಿಗೆ ಇದು ಒಣ ವಿಷಯವೆಂದೇ ತೋರಬಹುದು. ಆದರೂ ಗೋಕಾಕರು ಏಳು ವರ್ಷ ಅಲ್ಲಿ ನಿಂತರು. 1963ರಲ್ಲಿ ದಕ್ಷಿಣ ಭಾರತಕ್ಕಾಗಿ ಬೆಂಗಳೂರಿನಲ್ಲಿ ಇಂಥದೇ ಪ್ರಾದೇಶಿಕ ಸಂಸ್ಥೆ ತಲೆಯೆತ್ತಿತು. ಮರುವರ್ಷ, ಭಾರತದಲ್ಲಿ ಇಂಗ್ಲಿಷಿನ ವರ್ತಮಾನ ಮತ್ತು ಭವಿಷ್ಯವನ್ನು ಕುರಿತ ಗೋಕಾಕರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ‘ದ್ಯಾವಾ ಪೃಥಿವೀ’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗಲೂ, 1960ರಲ್ಲಿ, ಅವರು ಹೈದರಾಬಾದಿನಲ್ಲಿಯೇ ಇದ್ದರು.

ಆಡಳಿತವು ಕವಿಯಿಂದ ಏನನ್ನೂ ಕಸಿದುಕೊಳ್ಳಲಿಲ್ಲವೆಂದರೆ ಅದು ಭಕ್ತಿಯ ಮಾತಾದೀತು. ಕಡತಗಳಿಗೆ ಸಂದ ಹಗಲುಗಳು ಕಾವ್ಯಕ್ಕೆ ಸಲ್ಲುವುದಿಲ್ಲ. ಆದರೆ ಆ ಸಂಸ್ಥೆಯ ಅಡಿಪಾಯದಲ್ಲಿ ಒಂದು ವಿವೇಕವಿತ್ತು: ಇಂಗ್ಲಿಷು ಇಲ್ಲಿಯ ಮಕ್ಕಳಿಗೆ ಎರಡನೆಯ ಭಾಷೆ. ಎರಡನೆಯದೆಂದ ಮೇಲೆ ಮೊದಲನೆಯದೊಂದು ಇರಲೇಬೇಕು. ಆ ಸ್ಥಾನ ಯಾವ ಭಾಷೆಗೆ ಸಲ್ಲಬೇಕೆಂಬ ಪ್ರಶ್ನೆಯೂ ಬರಲೇಬೇಕು.

1966ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಗೋಕಾಕರು ಹೈದರಾಬಾದನ್ನು ಬಿಟ್ಟರು. ಆಮೇಲೆ ಸ್ವಲ್ಪ ಕಾಲ ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ಆ ಪ್ರಶ್ನೆ ಮಾತ್ರ 1980ರಲ್ಲಿ ಅವರ ಮುಂದೆಯೇ ಬಂದು ನಿಂತಿತು. ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಯ ಸ್ಥಾನ ಯಾವುದಕ್ಕೆ ಎಂಬ ವಿವಾದವನ್ನು ಪರಿಶೀಲಿಸಲು ಕರ್ನಾಟಕ ಸರ್ಕಾರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1981ರ ಜನವರಿಯಲ್ಲಿ ಸಲ್ಲಿಸಿದ ವರದಿ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಿ ಕನ್ನಡವನ್ನು ಶಿಫಾರಸು ಮಾಡಿತು. ಇಂಗ್ಲಿಷಿನ ಆಳಾಗಿ ಬಾಳಿದವರೆಂದು ಗೋಕಾಕರನ್ನು ಶಂಕಿಸುವವರು ಈ ವರದಿಯನ್ನು ಅವರ ಹೈದರಾಬಾದಿನ ಕೆಲಸದೊಡನೆ ಇಟ್ಟು ಓದಬೇಕು. ಎರಡರಲ್ಲಿಯೂ ಭಾಷೆಗಳಿಗೆ ಅವುಗಳ ಸ್ಥಾನ ಗೊತ್ತುಮಾಡುವ ಅಧ್ಯಾಪಕನ ಬುದ್ಧಿ ಒಂದೇ. ವರದಿಯ ಜಾರಿಗಾಗಿ 1982ರಲ್ಲಿ ಕನ್ನಡ ನಾಡು ಬೀದಿಗಿಳಿದಾಗ ಆ ಚಳವಳಿಗೆ ಜನ ಇಟ್ಟ ಹೆಸರು ಗೋಕಾಕ್ ಚಳವಳಿ.

1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಅವರು 1992ರ ಏಪ್ರಿಲ್ 28ರಂದು ಮುಂಬಯಿಯಲ್ಲಿ ನಿಧನರಾದರು. ಅವರು ಏಳು ವರ್ಷ ನಡೆಸಿದ ಹೈದರಾಬಾದಿನ ಸಂಸ್ಥೆ 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು.